ಬೆಳಗಿನ ಬಿಳಿ ಹೊಗೆ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾವು ಕಂಡ ಗ್ಯಾರೇಜಿನವರಿಗೆ ಈ ಒಂದು ವಿಷಯ ತಲೆಗೆ ಹೋಗಲೇ ಇಲ್ಲ.

ನನ್ನ ಗಂಡನಿಗೆ ಡ್ರೈವಿಂಗ್ ಬರುವುದಿಲ್ಲ. ಕಲಿಯಬೇಕೆಂಬ ಆಸೆಯೂ ಅವರಿಗೆ ಯಾವತ್ತೂ ಬಂದದ್ದಿಲ್ಲ. ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲಿದೆ. ಮನೆಯಿಂದ ಅಲ್ಲಿಗೆ ಅವರು ನಡೆದೇ ಹೋಗುತ್ತಾರೆ, ನಡೆದೇ ಬರುತ್ತಾರೆ. ಕಾರು ಬೇಕಾಗಿದ್ದದ್ದು ನನಗೆ. ನಾನು ಮಹಾಪೆಯಲ್ಲಿ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿದ್ದೇನೆ. ಟ್ಯಾಂಕರಿನಲ್ಲಿ ಬಂದ ಮಾಲು ಕಳಿಸಿದವರು ಹೇಳಿದ ಹಾಗೇ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಸಹಿ ಹಾಕುವ ಕೆಲಸ. ಮೊದಲು ರೈಲಿನಲ್ಲಿ ಹೋಗುತ್ತಿದ್ದೆ. ಸ್ಟೇಷನ್ನಿಗೆ ರಿಕ್ಷಾ, ಅಲ್ಲಿಂದ ಥಾಣೆಗೆ ಲೋಕಲ್, ಅಲ್ಲಿ ಬ್ರಿಜ್ ಹತ್ತಿ ಇಳಿದು ವಾಶಿ ಕಡೆಯ ಗಾಡಿ, ಮತ್ತೆ ರಿಕ್ಷಾ. ದಿವಾ ಸ್ಟೇಷನ್ ಬರುವಷ್ಟರಲ್ಲಿ ಯಾರದೋ ಮೊಣಕೈ ನನ್ನ ಪಕ್ಕೆಲುಬಿನಲ್ಲಿ ಊರಿಕೊಂಡಿರುತ್ತಿತ್ತು. ಭಾವ, ಅಂದರೆ ನನ್ನ ಗಂಡನ ಅಣ್ಣ, ಇಲ್ಲಿನ ವ್ಯವಹಾರ ಮುಗಿಸಿ ಉಡುಪಿಗೆ ಹೊರಟಾಗ ತಮ್ಮ ಹಳೆಯ ಪೆಟ್ರೋಲ್ ಕಾರನ್ನು ನಮಗೆ ಬಿಟ್ಟುಹೋದರು. ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿ, ಕಲ್ಯಾಣ್-ಶಿಳ್ ರಸ್ತೆಯ ಗುಂಡಿಗಳಲ್ಲೇ ಕ್ಲಚ್ಚು ಗೇರು ಎಲ್ಲವನ್ನೂ ಕಲಿತೆ.

ಆ ಕಾರಿನೊಳಗೆ ಕೂತು ಕಿಟಕಿ ಏರಿಸಿದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಮಾತ್ರೆ, ಮಗಳ ಡಬ್ಬ, ಹೋಟೆಲಿನಲ್ಲಿ ಅಡುಗೆಯವನು ಬರಲಿಲ್ಲವೆಂಬ ಫೋನು. ಲ್ಯಾಬಿನಲ್ಲಿ ಟ್ಯಾಂಕರಿನವರ ಅವಸರ. ಇವೆರಡರ ನಡುವೆ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡು ಕೂತ ಹೊತ್ತು ಪೂರ್ತಿ ನನ್ನದು. ಬೇರೆಯವರು ಅದನ್ನು ಶಾಪವೆಂದು ಬೈಯುತ್ತಿದ್ದರು. ನಾನು ಬೈಯುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಒಂದು ಮಳೆಗಾಲ ಮುಗಿದ ಮೇಲೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ ಒಂದು ಸುತ್ತು ಬರುತ್ತಿತ್ತು, ಆಮೇಲೆ ಏನೋ ಅಡ್ಡ ಸಿಕ್ಕ ಹಾಗೆ ನಿಂತುಬಿಡುತ್ತಿತ್ತು. ಮತ್ತೆ ತಿರುಗಿಸಿದರೆ ಕಷ್ಟಪಟ್ಟು ಹತ್ತಿಕೊಂಡು, ಒಂದು ಕಾಲು ಕುಂಟುವವರ ಹಾಗೆ ಇಡೀ ಗಾಡಿಯನ್ನು ಅಲ್ಲಾಡಿಸಿ, ಸ್ವಲ್ಪ ಹೊತ್ತಿನ ಮೇಲೆ ಸರಿಯಾಗುತ್ತಿತ್ತು. ಹಿಂದೆ ಸೈಲೆನ್ಸರಿನಿಂದ ಬಿಳಿ ಹೊಗೆ. ಸಂಜೆ ಲ್ಯಾಬಿನಿಂದ ಹೊರಡುವಾಗ ಇದೇನೂ ಇಲ್ಲ. ಇದ್ದದ್ದೆಲ್ಲ ಬೆಳಿಗ್ಗೆ ಮಾತ್ರ, ರಾತ್ರಿಯಿಡೀ ನಿಂತ ಮೇಲೆ.

ಠಾಕುರ್ಲಿಯಲ್ಲಿ ವಿಜಯಪುರದ ಕಡೆಯವರೊಬ್ಬರ ಗ್ಯಾರೇಜಿತ್ತು. ಭಾವನ ಕಾಲದಿಂದಲೂ ಕಾರು ಅಲ್ಲಿಗೇ ಹೋಗುತ್ತಿತ್ತು. ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ನಮ್ಮವರಿಗೆ ಅವರ ಮೇಲೆ ಎಲ್ಲಿಲ್ಲದ ನಂಬಿಕೆ. ಭಾನುವಾರ ನಾನು ಕಾರು ತೆಗೆದುಕೊಂಡು ಹೋದೆ, ಇವರು ಪಕ್ಕದ ಸೀಟಿನಲ್ಲಿ ಕೂತು ಬಂದರು. ನಾನು ಸ್ಟೇರಿಂಗಿನ ಹಿಂದಿನಿಂದ ಇಳಿದದ್ದನ್ನು ಗ್ಯಾರೇಜಿನವರು ಕಣ್ಣಾರೆ ಕಂಡರು. ಆದರೂ ನೇರ ನನ್ನನ್ನು ದಾಟಿಕೊಂಡು ಇವರ ಹತ್ತಿರ ಹೋದರು.

"ಏನಾಗೇತ್ರಿ ಅಣ್ಣಾರ ಗಾಡಿಗೆ?"

ನಾನು ಹೇಳಿದೆ. ಬೆಳಿಗ್ಗೆ ಮಾತ್ರ ಹೀಗಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಎಂಜಿನ್ ತಣ್ಣಗಿಡುವ ಕೂಲಂಟ್ ಡಬ್ಬಿಯಲ್ಲಿ ವಾರ ವಾರ ಕಡಿಮೆಯಾಗುತ್ತಿದೆ, ಕೆಳಗೆ ನೆಲದ ಮೇಲೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಅವರು ಬಾನೆಟ್ ಎತ್ತಿ, ನಾನು ಹೇಳಿ ಮುಗಿಸುವವರೆಗೂ ಕಾದು, ಉತ್ತರವನ್ನು ಇವರಿಗೆ ಕೊಟ್ಟರು.

"ಬ್ಯಾಟ್ರಿ ಹೋಗೇತ್ರಿ ಅಣ್ಣಾರ. ಥಂಡ್ಯಾಗ ಎಳ್ಯಾಂಗಿಲ್ಲ ಅದು."

"ಹೌದು ಹೌದು," ಅಂದರು ಇವರು.

ಇವರ ಈ "ಹೌದು ಹೌದು"ವಿನ ಬಗ್ಗೆ ಒಂದು ಮಾತು ಹೇಳಬೇಕು. ಮೂರು ದಶಕ ಗಲ್ಲಾದ ಮೇಲೆ ಕೂತು, ಸಾಂಬಾರಿಗೆ ಉಪ್ಪು ಹೆಚ್ಚಾಯಿತು ಎನ್ನುವವರಿಗೂ ಕಡಿಮೆಯಾಯಿತು ಎನ್ನುವವರಿಗೂ ಅದನ್ನೇ ಹೇಳಿ ಹೇಳಿ ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಅದರ ಅರ್ಥ ಒಪ್ಪಿಗೆಯಲ್ಲ, ನೀವು ಮಾತಾಡಿದ್ದು ಕೇಳಿಸಿತು ಎಂದು ಮಾತ್ರ. ಇದು ನನಗೆ ಗೊತ್ತು. ಮೆಕ್ಯಾನಿಕ್ಕಿಗೆ ಹೇಗೆ ಗೊತ್ತಾಗಬೇಕು?

"ಡಿಸೆಂಬರ್ ಬಂದಿಲ್ಲ ಇನ್ನೂ. ಡೊಂಬಿವಲಿಯಲ್ಲಿ ಎಲ್ಲಿಯ ಥಂಡಿ?" ಎಂದು ನಾನು ಕೇಳಿದೆ. "ಕೂಲಂಟ್ ಎಲ್ಲಿ ಹೋಗುತ್ತಿದೆ ಹಾಗಾದರೆ?"

"ಹಳೇ ಗಾಡಿ ಐತಲ್ರೀ ಅಣ್ಣಾರ, ಸ್ವಲ್ಪ ಕುಡೀತೈತಿ," ಎಂದು ಅವರು ಇವರಿಗೇ ಹೇಳಿದರು.

ಹೊಸ ಬ್ಯಾಟರಿ ಬಂತು. ನಾಲ್ಕು ದಿನ ಬೆಳಿಗ್ಗೆ ಎಂಜಿನ್ ಜೋರಾಗಿ ತಿರುಗಿತು, ಆಮೇಲೆ ಮತ್ತೆ ಅದೇ ಕತೆ. ಎರಡನೇ ಸಲ ಹೋದಾಗ ಸ್ಟಾರ್ಟರ್ ಮೋಟಾರು ಹೋಗಿದೆ ಎಂದರು, ಬಿಚ್ಚಿ ರಿಪೇರಿ ಮಾಡಿಸಿದರು. ಮೂರನೇ ಸಲ ಸ್ಪಾರ್ಕ್ ಪ್ಲಗ್ಗು. ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ಮರಾಠಿ ಪೇಪರಿನ ಮೇಲೆ ಸಾಲಾಗಿ ಇಟ್ಟಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ಪ್ಲಗ್ಗುಗಳ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ಒಂದು ಮಾತ್ರ ಯಾರೋ ತೊಳೆದಿಟ್ಟ ಹಾಗೆ ಸ್ವಚ್ಛ, ಒದ್ದೆ.

"ಇದೊಂದು ಯಾಕೆ ಹೀಗಿದೆ?" ಎಂದೆ.

"ಅದಕ್ಕ ಪೆಟ್ರೋಲ್ ಜಾಸ್ತಿ ಹೊಂಟೈತ್ರಿ ಅಣ್ಣಾರ," ಎಂದರು.

ನಾನು ಪ್ಲಗ್ಗನ್ನು ಎತ್ತಿ ಮೂಸಿದೆ. ಪೆಟ್ರೋಲಿನ ವಾಸನೆ ಇರಲಿಲ್ಲ. ತೆಳ್ಳಗೆ, ಸಿಹಿಸಿಹಿಯಾಗಿ, ನನಗೆ ಚೆನ್ನಾಗಿ ಪರಿಚಯವಿರುವ ವಾಸನೆ. ನಮ್ಮ ಲ್ಯಾಬಿಗೆ ಗ್ಲೈಕಾಲ್ ಡ್ರಮ್ಮುಗಳಲ್ಲಿ ಬರುತ್ತದೆ. ಕೂಲಂಟ್ ಮಾಡುವುದು ಅದರಿಂದಲೇ. ಬೆಳಿಗ್ಗೆ ಸೈಲೆನ್ಸರಿನ ಹತ್ತಿರ ಬಗ್ಗಿದಾಗಲೂ ಇದೇ ವಾಸನೆ ಬಂದಿತ್ತು, ಆಗ ನನ್ನ ಭ್ರಮೆ ಎಂದುಕೊಂಡಿದ್ದೆ.

"ಇದು ಕೂಲಂಟ್. ಎಂಜಿನ್ ಒಳಗೆ ಹೋಗುತ್ತಿದೆ," ಎಂದೆ.

ಗ್ಯಾರೇಜಿನವರು ನಕ್ಕರು, ಕೆಟ್ಟದಾಗಿ ಅಲ್ಲ, ಮಕ್ಕಳು ಏನೋ ಹೇಳಿದಾಗ ನಗುವ ಹಾಗೆ. "ಒಳಗ ನೀರು ಹೋದ್ರ ಗಾಡಿ ಓಡ್ತೈತೇನ್ರಿ ಅಣ್ಣಾರ?"

ಇವರು ಈ ಸಲ ಒಂದೇ ಸಲ "ಹೌದು" ಅಂದರು. ಯಾರಿಗೆ ಅಂದರೋ ದೇವರಿಗೇ ಗೊತ್ತು.

ವಾಪಸು ಬರುವಾಗ ದಾರಿಯುದ್ದಕ್ಕೂ ಇವರು ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಪಾರ್ಕ್ ಮಾಡಿದ ಮೇಲೆ, "ಅವನಿಗೆ ಗೊತ್ತಿರ್ತದೆ ಮಾರಾಯ್ತಿ, ದಿನಾ ಅದೇ ಕೆಲಸ," ಎಂದರು.

"ನನಗೂ ದಿನಾ ಇದೇ ಕೆಲಸ. ವಾಸನೆ ನೋಡಿ ಹೇಳುವುದು," ಎಂದೆ.

ಸಮಸ್ಯೆ ಇನ್ನೂ ಒಂದಿತ್ತು. ಶಿಳ್‌ಫಾಟಾದಲ್ಲಿ ಗಾಡಿ ನಿಂತಲ್ಲೇ ನಿಂತಾಗ ಟೆಂಪರೇಚರಿನ ಮುಳ್ಳು ಮೇಲೆ ಮೇಲೆ ಹೋಗುತ್ತಿತ್ತು. ಅದನ್ನು ಹೇಳಿದ್ದಕ್ಕೆ ಗ್ಯಾರೇಜಿನವರು ಮುಳ್ಳೇ ಸುಳ್ಳು ಹೇಳುತ್ತಿದೆ, ಅದರ ಕಡೆ ನೋಡಬೇಡಿ ಎಂದಿದ್ದರು. ನಾನು ನೋಡುತ್ತಿದ್ದೆ. ಮುಳ್ಳು ಕೆಂಪಿನ ಹತ್ತಿರ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಟೆಂಪೋದವರ ಬೈಗುಳ ತಿಂದು, ತಣ್ಣಗಾದ ಮೇಲೆ ಹೊರಡುತ್ತಿದ್ದೆ. ಕೂಲಂಟ್ ಕಡಿಮೆಯಾದಾಗಲೆಲ್ಲ ಗ್ಯಾರೇಜಿನವರು ನಲ್ಲಿ ನೀರು ಸುರಿದು ಕಳಿಸುತ್ತಿದ್ದರು. ಹಾಗೆ ನೀರೇ ಹೆಚ್ಚಾಗಿ, ಬೆಳಗಿನ ಹೊಗೆಯಲ್ಲಿದ್ದ ಸಿಹಿ ವಾಸನೆಯೂ ಹೋಯಿತು. "ನೋಡು, ಈಗ ಆ ವಾಸನೆ ಇಲ್ಲ ಅಲ್ವಾ," ಎಂದು ಇವರು ಸಮಾಧಾನ ಹೇಳಿದರು. ಸಾಕ್ಷಿಯನ್ನೇ ತೊಳೆದು ಹಾಕಿ ಕೇಸು ಮುಗಿಯಿತು ಎನ್ನುವ ಹಾಗಿತ್ತು.

ಆ ನಡುವೆ ಅತ್ತೆಗೆ ಥಾಣೆಯಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಪಟ್ಟಿ ತೆಗೆಸಲು ಮತ್ತೆ ಹೋಗಬೇಕಿತ್ತು. ನಾನು ಆ ದಿನ ರಜೆ ಹಾಕಿದ್ದೆ. ಅತ್ತೆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಮಗನ ಕೈ ಹಿಡಿದು ನಿಧಾನವಾಗಿ ಕೆಳಗಿಳಿದು, ಹಿಂದಿನ ಸೀಟಿನಲ್ಲಿ ಕೂತರು. ಮಗಳು ಕಾಲೇಜಿಗೆ ಹೊರಟವಳು ನಮ್ಮನ್ನು ಕಳಿಸಿ ಹೋಗೋಣವೆಂದು ಗೇಟಿನ ಹತ್ತಿರ ನಿಂತಳು.

ಕೀಲಿ ತಿರುಗಿಸಿದೆ. ಟಕ್ ಎಂದು ಒಂದೇ ಸದ್ದು. ಎಂಜಿನ್ ಅರ್ಧ ಸುತ್ತೂ ಬರಲಿಲ್ಲ. ಗೋಡೆಗೆ ಢಿಕ್ಕಿ ಹೊಡೆದ ಹಾಗೆ ನಿಂತಿತು. ಇನ್ನೊಂದು ಸಲ ತಿರುಗಿಸಿದೆ, ಅದೇ ಟಕ್. ಬ್ಯಾಟರಿ ಹೊಸದು, ದೀಪ ಮಂಕಾಗಲಿಲ್ಲ. ಒಳಗೆ ಏನೋ ತುಂಬಿಕೊಂಡಿದೆ, ತಿರುಗಲು ಜಾಗವಿಲ್ಲ ಎಂದು ನನಗೆ ಅನಿಸಿತು. ಕೀಲಿ ತೆಗೆದು ಕೈಯಲ್ಲಿ ಹಿಡಿದೆ.

"ಮಮ್ಮಿ, ಕ್ಯಾಬ್ ಬುಕ್ ಕರೂ ಕ್ಯಾ?" ಎಂದಳು ಮಗಳು. ಅವಳಿಗೆ ನಾವು ಕನ್ನಡದಲ್ಲಿ ಕೇಳಿದರೂ ತುಳುವಿನಲ್ಲಿ ಕೇಳಿದರೂ ಉತ್ತರ ಬರುವುದು ಹಿಂದಿಯಲ್ಲೇ.

"ಬುಕ್ ಮಾಡು," ಎಂದೆ.

ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಕಾಕಾ ಬಂದರು. ರೈಲ್ವೆಯಿಂದ ರಿಟೈರ್ ಆದವರು, ಒಳ್ಳೆಯ ಮನುಷ್ಯರು. ನಮ್ಮ ಸೊಸೈಟಿಯ ನೀರಿನ ಪಂಪಿನಿಂದ ಹಿಡಿದು ಲಿಫ್ಟಿನವರೆಗೆ ಕೆಟ್ಟದ್ದೆಲ್ಲ ಮೊದಲು ಅವರ ಕೈಗೆ ಬರುತ್ತದೆ, ಆಮೇಲೆ ಸರಿಮಾಡುವವರ ಕೈಗೆ ಹೋಗುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ಬಂದವರು ನಿಂತು ಕೇಳಿಸಿಕೊಂಡರು, ತಲೆಯಾಡಿಸಿದರು.

"ವಹಿನಿ, ಜರಾ ಉತರಾ. ಮೀ ಬಸತೋ," ಎಂದರು. ನಾನು ಇಳಿಯಬೇಕು, ಅವರು ಕೂರುತ್ತಾರೆ. ವಾಚ್‌ಮನ್ ಮತ್ತು ಹಾಲಿನವನು ತಳ್ಳಲಿ, ಗೇಟಿನಿಂದ ರಸ್ತೆಯವರೆಗೆ ಇಳಿಜಾರಿದೆ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹತ್ತಿಕೊಳ್ಳುತ್ತದೆ.

"ಬೇಡ ಕಾಕಾ," ಎಂದು ನಾನು ಮರಾಠಿಯಲ್ಲೇ ಹೇಳಿದೆ. "ಎಂಜಿನ್ ತಿರುಗುತ್ತಲೇ ಇಲ್ಲ. ಜೋರು ಮಾಡಿದರೆ ಒಳಗೆ ಮುರಿಯಬಹುದು."

ಕಾಕಾ ಇವರ ಕಡೆ ತಿರುಗಿದರು. ಇವರು ವಾಚು ನೋಡಿಕೊಂಡರು, ಅಮ್ಮನ ಕಡೆ ನೋಡಿದರು. "ಕೊಡು ಮಾರಾಯ್ತಿ. ಒಂದು ಸಲ ನೋಡ್ಲಿ. ಅಮ್ಮನ ಅಪಾಯಿಂಟ್‌ಮೆಂಟ್ ತಪ್ಪಿ ಹೋಗ್ತದೆ."

ಕೀಲಿ ನನ್ನ ಕೈಯಿಂದ ಇವರ ಕೈಗೆ, ಇವರ ಕೈಯಿಂದ ಕಾಕಾ ಕೈಗೆ ಹೋಯಿತು. ಅತ್ತೆಗೆ ಇಳಿಯಲು ಹೇಳಿದೆ. ಇಳಿಯಲಿಲ್ಲ. "ನನ್ನದೇನು ಭಾರ? ನಾಲ್ಕು ಮೂಳೆ. ಇಳಿದು ಹತ್ತಿ ಮಾಡಿದರೆ ಕಣ್ಣಿಗೆ ಆಯಾಸ," ಎಂದು ತುಳುವಿನಲ್ಲಿ ಹೇಳಿ, ಕಪ್ಪು ಕನ್ನಡಕದಲ್ಲಿ ನೇರ ಮುಂದೆ ನೋಡುತ್ತ ಕೂತರು. ಅವರು ಒಳಗೆ ಕೂತಿರುವಾಗಲೇ ಎಲ್ಲರೂ ಕಾರನ್ನು ತಳ್ಳಿದರು. ನನ್ನ ಗಂಡ ಚಪ್ಪಲಿ ಬಿಚ್ಚಿಟ್ಟು ತಳ್ಳಿದರು. ಕಾರು ಇಳಿಜಾರಿನಲ್ಲಿ ವೇಗ ತೆಗೆದುಕೊಂಡಿತು, ಕಾಕಾ ಕ್ಲಚ್ ಬಿಟ್ಟರು.

ಕಾರು ಮುಗ್ಗರಿಸಿತು. ಚಕ್ರಗಳು ಕಿರ್ರೆಂದು ಉಜ್ಜಿಕೊಂಡು ಹೋದವು. ಆಮೇಲೆ ಒಳಗಿನಿಂದ ದಪ್ಪ, ಒಣ ಸದ್ದೊಂದು ಬಂತು. ಅದರ ಬೆನ್ನಿಗೇ ಎಂಜಿನ್ ಹತ್ತಿಕೊಂಡಿತು. ರಸ್ತೆಯಿಡೀ ಬಿಳಿ ಹೊಗೆ ತುಂಬಿ ಅದರೊಳಗಿಂದ ಕಾಕಾ ಕೈ ಬೀಸಿದ್ದು ಕಂಡಿತು. ಹಾಲಿನವನು ಚಪ್ಪಾಳೆ ಹೊಡೆದ. ಆದರೆ ಎಂಜಿನ್ನಿನ ಸದ್ದು ಬದಲಾಗಿತ್ತು. ಟಕ ಟಕ ಟಕ ಎಂದು ಹೊಲಿಗೆ ಮಿಷನ್ನಿಗೆ ಕಲ್ಲು ಸಿಕ್ಕಿದ ಹಾಗೆ.

"ಝಾಲೀ ಕೀ ನಾಹೀ ಚಾಲೂ?" ಎಂದರು ಕಾಕಾ ಇಳಿದು. ಆಯಿತೋ ಇಲ್ಲವೋ ಸ್ಟಾರ್ಟು?

ನಾನು ಒಳಗೆ ಕೈ ಹಾಕಿ ಎಂಜಿನ್ ಆರಿಸಿದೆ. ಅವರ ಮುಖ ಸಣ್ಣದಾಯಿತು. ಇವರು, "ಯಾಕೆ ಆರಿಸಿದ್ದು?" ಎಂದು ಕೇಳಿದರು. ಎಲ್ಲರೂ ನಾನೇ ಏನೋ ಹಾಳು ಮಾಡಿದೆ ಎನ್ನುವ ಹಾಗೆ ನೋಡಿದರು. ನಾನು ಅತ್ತೆಯನ್ನು ಇಳಿಸಿ, ಅಷ್ಟರಲ್ಲಿ ಬಂದ ಟ್ಯಾಕ್ಸಿಯಲ್ಲಿ ಕೂರಿಸಿದೆ. ಅತ್ತೆ ಮಾತ್ರ, "ಒಳಗೆ ಏನೋ ಮುರಿಯಿತು, ನನ್ನ ಬೆನ್ನಿಗೆ ತಾಗಿತು," ಎಂದರು. ಆಗ ಕಣ್ಣು ಕಾಣದಿದ್ದವರು ಅವರೊಬ್ಬರೇ.

ಥಾಣೆಯವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನನಗೆ ಅಳು ಬರಲಿಲ್ಲ, ಹಲ್ಲು ನೋಯುತ್ತಿತ್ತು, ಅಷ್ಟು ಬಿಗಿಯಾಗಿ ಕಚ್ಚಿಕೊಂಡಿದ್ದೆ. ಕಾಕಾಗೆ ನಾನು ಏನು ಹೇಳಲಿ? ಅವರು ಉಪಕಾರ ಮಾಡಲು ಬಂದವರು. ಠಾಕುರ್ಲಿಯವರಿಗೆ ಏನು ಹೇಳಲಿ? ಅವರ ಲೆಕ್ಕದಲ್ಲಿ ನಾನು ಆ ಗ್ಯಾರೇಜಿಗೆ ಬಂದದ್ದೇ ಇಲ್ಲ, ಬಂದದ್ದು ಅಣ್ಣಾರು. ಸಿಟ್ಟನ್ನು ಇಳಿಸಲು ಜಾಗ ಸಿಗದೆ ಅದನ್ನು ಎತ್ತಿಕೊಂಡೇ ಓಡಾಡಿದೆ.

ನಮ್ಮ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ವಾಗ್ಳೆ ಎಸ್ಟೇಟಿನಲ್ಲಿ ಎಂಜಿನ್ ಕೆಲಸ ಮಾಡುವ ಒಂದು ವರ್ಕ್‌ಶಾಪಿನ ಬಗ್ಗೆ ಹೇಳಿದಳು. ಕಾರನ್ನು ಟೋ ಮಾಡಿಸಿ ಅಲ್ಲಿಗೆ ಕಳಿಸಿದೆವು. ಸ್ಟಾರ್ಟ್ ಮಾಡಲು ನಾನು ಯಾರಿಗೂ ಬಿಡಲಿಲ್ಲ. ಕೀಲಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಇವರ ಜೊತೆ ಲೋಕಲ್ಲಿನಲ್ಲಿ ಹೋಗಿ ನಾನೇ ಕೊಟ್ಟೆ.

ವರ್ಕ್‌ಶಾಪಿನ ಮಾಲೀಕರು ನನ್ನ ವಯಸ್ಸಿನವರು, ಮರಾಠಿಯವರು, ಮುಖದ ಮೇಲೆ ಸದಾ ಅವಸರ. ಒಂದೇ ಹೊತ್ತಿಗೆ ಫೋನಿನಲ್ಲಿ ಒಬ್ಬರಿಗೂ ಎದುರಿಗೆ ಒಬ್ಬರಿಗೂ ಬೈಯುತ್ತಿದ್ದರು. ಫೋನ್ ಇಟ್ಟು, ನನ್ನ ಕೈಯಿಂದ ಕೀಲಿ ತೆಗೆದುಕೊಂಡು, ಗಾಡಿ ಯಾವಾಗಿನಿಂದ ಹೀಗೆ ಮಾಡುತ್ತಿದೆ ಎಂದು ಇವರನ್ನು ಕೇಳಿದರು.

"ಬೋಲೋ ಸಾಬ್. ಗಾಡಿ ಕಬ್ ಸೇ ಐಸಾ ಕರ್ ರಹೀ ಹೈ?"

ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ಸಾಕಾಗಿತ್ತು. ಗೋಡೆಗೆ ಆನಿಸಿಟ್ಟಿದ್ದ ಟೈರುಗಳ ಕಡೆ ನೋಡುತ್ತ ನಿಂತೆ. "ಹೌದು ಹೌದು" ಬರುತ್ತದೆ, ಆಮೇಲೆ ಇನ್ನೊಂದು ಬ್ಯಾಟರಿ ಬರುತ್ತದೆ ಎಂದುಕೊಂಡೆ.

ಇವರು ಗಂಟಲು ಸರಿಮಾಡಿಕೊಂಡರು. "ಮೇರೆಕೋ ಗಾಡಿ ಚಲಾನಾ ನಹೀ ಆತಾ," ಎಂದರು. "ಚಲಾತೀ ಯೇ ಹೈ. ಇನ್ಕೋ ಪೂಛೋ." ನನಗೆ ಓಡಿಸಲು ಬರುವುದಿಲ್ಲ, ಓಡಿಸುವವಳು ಇವಳು, ಇವಳನ್ನು ಕೇಳಿ ಎಂದು ಇಷ್ಟು ನೆಟ್ಟಗೆ ಅವರು ಯಾರ ಹತ್ತಿರವೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇವಳು ಮೊದಲಿನಿಂದ ಹೇಳ್ತಿದ್ದಾಳೆ, ನೀರು ಒಳಗೆ ಹೋಗ್ತದೆ ಅಂತ. ನಾವು ಯಾರೂ ಕೇಳಲಿಲ್ಲ," ಎಂದು ಅದೇ ಬಂಬಯ್ಯಾ ಹಿಂದಿಯಲ್ಲಿ ಸೇರಿಸಿದರು.

ಮಾಲೀಕರು ನನ್ನ ಕಡೆ ತಿರುಗಿದರು. ಕ್ಷಮೆ ಗಿಮೆ ಏನೂ ಇಲ್ಲ, ಅದೇ ಅವಸರ. ಆದರೆ ಪ್ರಶ್ನೆಗಳೆಲ್ಲ ನನಗೇ ಬಂದವು. ಹೊಗೆ ಯಾವಾಗ ಬರುತ್ತದೆ? ಬಿಸಿಯಾದ ಮೇಲೆ ನಿಲ್ಲುತ್ತದೆಯೇ? ಕೂಲಂಟ್ ಎಷ್ಟು ಬೇಗ ಇಳಿಯುತ್ತದೆ? ಆಯಿಲ್ ಬೆಳ್ಳಗಾಗಿದೆಯೇ? ಟ್ರಾಫಿಕ್ಕಿನಲ್ಲಿ ಮುಳ್ಳು ಏರಿದಾಗ ಮುಂದಿನ ಫ್ಯಾನಿನ ಸದ್ದು ಕೇಳಿಸುತ್ತದೆಯೇ? ಕೊನೆಯ ಪ್ರಶ್ನೆಗೆ ನಾನು ತಡೆದೆ. ಫ್ಯಾನಿನ ಸದ್ದನ್ನು ನಾನು ಎಂದೂ ಕೇಳಿಯೇ ಇರಲಿಲ್ಲ. ಕಾರು ನನ್ನ ಕೈಗೆ ಬಂದಾಗಿನಿಂದ ಅದು ತಿರುಗಿಯೇ ಇರಲಿಲ್ಲವೋ ಏನೋ.

ಅವರು ನಾಲ್ಕೂ ಪ್ಲಗ್ಗು ಬಿಚ್ಚಿಸಿ, ಒಂದೊಂದೇ ತೂತಿಗೆ ಗೇಜು ಹಚ್ಚಿ ಎಂಜಿನ್ ತಿರುಗಿಸಿ, ಒಳಗಿನ ಒತ್ತಡ ಅಳೆದರು. ನಾಲ್ಕರ ಪೈಕಿ ಮೂರು ಸಿಲಿಂಡರುಗಳಲ್ಲಿ ಗೇಜಿನ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಮೂರನೆಯ ನಂಬರಿನದು ಅರ್ಧಕ್ಕೇ ಸೋತಿತು. ಆಮೇಲೆ ರೇಡಿಯೇಟರಿಗೆ ನೀರು ತುಂಬಿ, ಕೈಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ಬಿಟ್ಟರು. ನಾವು ಹೊರಗೆ ಚಹಾ ಕುಡಿದು ಬರುವಷ್ಟರಲ್ಲಿ ಒತ್ತಡ ಇಳಿದಿತ್ತು. ನೆಲದ ಮೇಲೆ ಹನಿಯೂ ಇಲ್ಲ. ಮಾಲೀಕರು, "ಮ್ಯಾಡಮ್, ದೂರ ನಿಲ್ಲಿ," ಎಂದು ಎಂಜಿನ್ ತಿರುಗಿಸಿದರು. ಮೂರನೆಯ ತೂತಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮಿ ಬಾನೆಟ್ಟಿನ ಒಳಮೈಗೆ ಬಡಿಯಿತು. ಇವರ ಶರ್ಟಿನ ಮೇಲೂ ಬಿತ್ತು.

ಇವರು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದಿರಬೇಕು. ಹೇಳುವುದು ಬೇಕಾದಷ್ಟಿತ್ತು, ಆದರೆ ಆ ಹೊತ್ತಿಗೆ ನನಗೆ ಬರೀ ಸುಸ್ತಾಗಿತ್ತು.

ಎಂಜಿನ್ ಬಿಚ್ಚಿದ ಮೇಲೆ ಮತ್ತೊಮ್ಮೆ ಕರೆದು ತೋರಿಸಿದರು. ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ಗ್ಯಾಸ್ಕೆಟ್ಟು ಮೂರನೆಯ ಸಿಲಿಂಡರಿನ ಪಕ್ಕದಲ್ಲಿ ಸುಟ್ಟು, ನೀರಿನ ದಾರಿಗೂ ಸಿಲಿಂಡರಿಗೂ ಸಣ್ಣ ಕಾಲುವೆ ತೆರೆದಿತ್ತು. ಬಿಸಿ ಎಂಜಿನ್ ಆರಿಸಿಟ್ಟ ಮೇಲೆ ರಾತ್ರಿಯಿಡೀ ಆ ದಾರಿಯಲ್ಲಿ ನೀರು ಜಿನುಗಿ ಒಳಗೆ ತುಂಬಿಕೊಳ್ಳುತ್ತಿತ್ತು. ಉಳಿದ ಮೂರು ಪಿಸ್ಟನ್ನುಗಳ ತಲೆ ಕಪ್ಪು ಮಸಿ, ಇದರದ್ದು ಮಾತ್ರ ಹಬೆಯಲ್ಲಿ ತೊಳೆದ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಎಲ್ಲಕ್ಕೂ ಮೂಲ ಆ ಫ್ಯಾನು. ಅದರ ಸ್ವಿಚ್ಚು ಕೆಟ್ಟು, ಟ್ರಾಫಿಕ್ಕಿನಲ್ಲಿ ಎಂಜಿನ್ ಕುದಿದು ಕುದಿದು ಗ್ಯಾಸ್ಕೆಟ್ಟು ಸುಟ್ಟಿತ್ತು. ಮುಳ್ಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಗ್ಯಾಸ್ಕೆಟ್ಟಿನಲ್ಲಿ ಮುಗಿಯುತ್ತಿತ್ತು. ಮಾಲೀಕರು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಪಿಸ್ಟನ್ನುಗಳನ್ನು ಒಂದೊಂದಾಗಿ ಮೇಲಕ್ಕೆ ತಂದರು. ಮೂರನೆಯದು ಉಳಿದವುಗಳಷ್ಟು ಮೇಲಕ್ಕೆ ಬರಲೇ ಇಲ್ಲ. ಬೆರಳಿಟ್ಟರೆ ಗೊತ್ತಾಗುವಷ್ಟು ಕೆಳಗೇ ನಿಂತಿತು. ಅದನ್ನು ಹಿಡಿದಿದ್ದ ರಾಡು ಬಗ್ಗಿತ್ತು.

"ತಳ್ಳಿ ಸ್ಟಾರ್ಟ್ ಮಾಡಿದ್ರಾ?" ಎಂದು ಕೇಳಿದರು ಮರಾಠಿಯಲ್ಲಿ. "ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಪಿಸ್ಟನ್ ಮೇಲೆ ಬಂದರೆ ನೀರೇನು ಕುಗ್ಗುತ್ತದೆಯೇ? ರಾಡು ಬಗ್ಗುತ್ತದೆ."

"ಹೌದು," ಎಂದರು ಇವರು. ಈ ಸಲದ್ದು ಒಪ್ಪಿಗೆಯೇ.

ರಿಪೇರಿ ಬೇಡ, ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಂದು ಎಲ್ಲರೂ ಹೇಳಿದರು. ಮಗಳು ಹೇಳಿದಳು, ಭಾವ ಉಡುಪಿಯಿಂದ ಫೋನ್ ಮಾಡಿ ಹೇಳಿದರು. ನಾನು ಆ ವಾರಗಳಲ್ಲಿ ಮತ್ತೆ ರೈಲಿನಲ್ಲಿ ಹೋಗುತ್ತಿದ್ದೆ. ಥಾಣೆಯ ಬ್ರಿಜ್ ಮೇಲೆ ಜನ ನನ್ನನ್ನು ತಳ್ಳಿಕೊಂಡು ಹೋಗುವಾಗ, ನನ್ನ ಕಾಲ ಮೇಲೆ ನಾನೇ ನಡೆಯುತ್ತಿಲ್ಲ ಎನಿಸುತ್ತಿತ್ತು. ಒಂದು ಸಂಜೆ ಮಾಲೀಕರಿಗೆ ಫೋನ್ ಮಾಡಿ, ರಾಡು ಬದಲಿಸಿ, ಎಂಜಿನ್ನಿನ ತಲೆಯನ್ನು ಸಪಾಟು ಮಾಡಿಸಿ, ಹೊಸ ಗ್ಯಾಸ್ಕೆಟ್ಟು, ಫ್ಯಾನಿನ ಸ್ವಿಚ್ಚು ಎಲ್ಲ ಹಾಕಿ ಎಂದೆ. "ಸಾಹೇಬರನ್ನು ಕೇಳಿದ್ರಾ?" ಎಂದರು. ಹಲ್ಲು ಕಚ್ಚಿಕೊಂಡು, "ಕೇಳಿದ್ದೇನೆ," ಎಂದೆ. ಕೇಳಿರಲಿಲ್ಲ. ಮನೆಗೆ ಬಂದು ಹೇಳಿದೆ.

"ಒಳ್ಳೆಯದಾಯ್ತು," ಎಂದರು ಇವರು.

ಅಷ್ಟು ಸುಲಭವಾಗಿ ಒಪ್ಪಿದ್ದೂ ನನ್ನನ್ನು ಕೆರಳಿಸಿತು. "ಅಲ್ಲ, ಆ ದಿನ ವರ್ಕ್‌ಶಾಪಿನಲ್ಲಿ ಹೇಳಿದ್ದನ್ನು ಠಾಕುರ್ಲಿಯಲ್ಲೇ ಹೇಳಬಹುದಿತ್ತಲ್ಲ. ನನಗೆ ಡ್ರೈವಿಂಗ್ ಬರುವುದಿಲ್ಲ ಅಂತ. ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಮಾರಾಯ್ತಿ," ಎಂದರು ಇವರು.

ಠಾಕುರ್ಲಿಯವರು ಹೋಟೆಲಿಗೆ ತಿಂಡಿಗೆ ಬಂದಾಗ ಇವರು ನಡೆದದ್ದನ್ನು ಹೇಳಿದರಂತೆ. "ನಾ ಅವತ್ತ ಅಂದಿದ್ನಲ್ರೀ ಅಣ್ಣಾರ, ನೀರು ಕುಡೀತೈತಿ ಅಂತ," ಎಂದು ಅವರು ಇಡ್ಲಿ ಮುರಿಯುತ್ತ ಹೇಳಿದರಂತೆ. ಕಾಕಾ ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ, ಯಾರ ಕೈಯಲ್ಲೂ ಆಗದಿದ್ದ ಆ ಗಾಡಿಯನ್ನು ಸ್ಟಾರ್ಟ್ ಮಾಡಿಕೊಟ್ಟವರು ತಾವೇ ಎಂದು ಹೇಳುತ್ತಾರೆ. ಅದು ನಿಜವೂ ಹೌದು.

ಕಾರು ತರಲು ನಾವಿಬ್ಬರೂ ಒಂದು ಶನಿವಾರ ಮಧ್ಯಾಹ್ನ ವಾಗ್ಳೆ ಎಸ್ಟೇಟಿಗೆ ಹೋದೆವು. ಮಾಲೀಕರು ಕೀಲಿಯನ್ನು ನನಗೇ ಕೊಟ್ಟರು. ತಿರುಗಿಸಿದೆ. ಮೊದಲ ಸುತ್ತಿಗೇ ಹತ್ತಿಕೊಂಡಿತು. ಅಲುಗಾಟವಿಲ್ಲ, ಹೊಗೆಯಿಲ್ಲ. ಬಾನೆಟ್ಟಿನ ಹತ್ತಿರ ಹತ್ತು ನಿಮಿಷ ನಿಂತು ಕಾದೆ. ಫ್ಯಾನು ಘರ್ರೆಂದು ಶುರುವಾದ ಮೇಲೆಯೇ ಹೊರಟದ್ದು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇನು. ಮುಂಬ್ರಾ ದಾಟುವವರೆಗೂ ಆ ಸಂತೋಷ ಇತ್ತು.

ಶಿಳ್‌ಫಾಟಾದಲ್ಲಿ ಒಂದು ರಿಕ್ಷಾ ಎಡದಿಂದ ನುಗ್ಗಿ ಬಂತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದವರು ಹಾರ್ನಿನ ವೈರನ್ನು ಸಿಕ್ಕಿಸಲು ಮರೆತಿದ್ದರು. ಸುತ್ತಲೂ ಲಾರಿ, ಟೆಂಪೋ, ಬಸ್ಸು, ಎಲ್ಲರೂ ಹಾರ್ನಿನ ಮೇಲೆಯೇ ಕೈಯಿಟ್ಟು ಕೂತವರು. ಅಲ್ಲಿ ಹಾರ್ನಿಲ್ಲದ ಕಾರು ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ನಾನು ಸ್ಟೇರಿಂಗಿನ ನಡುವೆ ಗುದ್ದಿ ಗುದ್ದಿ ಅಂಗೈ ಕೆಂಪು ಮಾಡಿಕೊಂಡೆ. ವಾಪಸು ವಾಗ್ಳೆಗೆ ತಿರುಗಿಸಲು ಜಾಗವಿಲ್ಲ, ನಿಲ್ಲಿಸಲು ಬದಿಯಿಲ್ಲ.

"ಎಂತ ಆಯ್ತು?" ಎಂದರು ಇವರು.

"ಹಾರ್ನ್ ಇಲ್ಲ," ಎಂದೆ. ಇನ್ನೊಂದು ಮಾತಾಡಿದ್ದರೆ ಕಿರುಚಿಬಿಡುತ್ತಿದ್ದೆ.

ಇವರು ಕಿಟಕಿ ಪೂರ್ತಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ, ಸೊಂಟದವರೆಗೆ ಹೊರಗೆ ಬಾಗಿದರು. ಕಾರಿನ ಬಾಗಿಲಿಗೆ ಅಂಗೈಯಿಂದ ಪಟಪಟ ಬಡಿಯುತ್ತ, ಗಲ್ಲಾದಿಂದ ಅಡುಗೆಮನೆಯವರೆಗೆ ಕೇಳುವ ಆ ಗಂಟಲಿನಲ್ಲಿ, "ಓ ಭಾವೂ, ಜರಾ ಸೈಡ್ ದ್ಯಾ, ಸೈಡ್," ಎಂದು ಕೂಗಿದರು. ರಿಕ್ಷಾದವನು ತಿರುಗಿ ನೋಡಿ, ಪಕ್ಕಕ್ಕೆ ಸರಿದ. ನಾನು ಗೇರು ಬದಲಿಸಿ ಮುಂದೆ ಹೋದೆ. ಅವರು ಹೊರಗೆ ಬಾಗಿಕೊಂಡೇ ಇದ್ದರು. ಡೊಂಬಿವಲಿ ಇನ್ನೂ ದೂರವಿತ್ತು.